ಧಣಿ ಬೇಕೋ, ಪ್ರತಿನಿಧಿ ಬೇಕೋ?

(ಹೊಸಪೇಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಗೆಳೆಯರು ಬರೆದುಕೊಂಡದ್ದನ್ನು ನೋಡಿ, ಅಲ್ಲಲ್ಲಿ ತಿದ್ದಿ ಕೊಟ್ಟಿದ್ದೇನೆ.)

ಗೆಳೆಯರೇ,

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಾಲ್ಕು ಪದ್ಯ ಬರೆದಿದ್ದಾನೆ, ಕರೆಯೋಣ ಅಂತ ಕರೆದಿದ್ದೀರಿ. ಪದ್ಯ ಓದಿ ಚಪ್ಪಾಳೆ ತಗೊಂಡು ಹೋಗಬಹುದಿತ್ತು. ಆದರೆ ಒಂದು ಮಾತು ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನು ನಿಮ್ಮ ಮುಂದೆಯೇ ಹೇಳಬೇಕು. ಯಾಕಂದರೆ ನೀವೂ ನನ್ನ ಹಾಗೇ ಹಾಸ್ಟೆಲ್ ಅನ್ನ ಉಂಡವರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು, ಗೇಟೇ ಕೊಚ್ಚಿಕೊಂಡು ಹೋದದ್ದು ನಿಮಗೆ ನೆನಪಿದೆ. ಅದಾದ ಎರಡು ಮೂರು ದಿನಕ್ಕೆ ನಾನು ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಲ್ಲಿ ಬರ್ತಿದ್ದೆ. ಬಸ್ಸಿನ ತುಂಬ ಅದೇ ಮಾತು. ಡ್ಯಾಂ ಖಾಲಿಯಾದರೆ ಭತ್ತಕ್ಕೆ ನೀರು ಎಲ್ಲಿಂದ, ನಾಟಿ ಮಾಡಿದ್ದು ಏನಾಗಬೇಕು ಅಂತ. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡು ಅಂದರು: "ನಮ್ಮ ದೇಶಕ್ಕ ಒಬ್ಬ ಗಟ್ಟಿ ಗಂಡಸು ಬೇಕ್ರೀ. ಹತ್ತು ವರ್ಷ ಎಲೆಕ್ಷನ್ ಬಂದ್ ಮಾಡಿ, ತಪ್ಪು ಮಾಡಿದೋರ್ನ ನಿಲ್ಲಿಸಿ ಗುಂಡು ಹಾಕಬೇಕು. ಆಗ ಎಲ್ಲಾ ಸರಿ ಆಗತೈತಿ."

ಹಿಂದಿನ ಸೀಟಿನವರು ಹೌದು ಹೌದು ಅಂದರು. ಕಂಡಕ್ಟರೂ ಹೌದು ಅಂದ. ನಾನೂ ತಲೆ ಆಡಿಸಿದೆ.

ಆಮೇಲೆ ಅವರ ಊರು ಕೇರಿ ವಿಚಾರಿಸಿದೆ. ಅವರು ನಮ್ಮವರೇ. ತಲೆಮಾರುಗಳಿಂದ ಇನ್ನೊಬ್ಬರ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಕೈಗಳು. ಗಟ್ಟಿ ಗಂಡಸರ ಆಳ್ವಿಕೆಯನ್ನು ನಮ್ಮ ಕೇರಿಗಿಂತ ಹೆಚ್ಚು ಉಂಡವರು ಯಾರಿದ್ದಾರೆ? ಗೌಡನ ಕಟ್ಟೆ ಮುಂದೆ ಚಪ್ಪಲಿ ಬಿಟ್ಟು ನಡೆದವರು ಯಾರು? ಎಲೆಕ್ಷನ್ ಇಲ್ಲದ ಕಾಲದಲ್ಲಿ ಗುಂಡು ಯಾರ ಎದೆಗೆ ಬೀಳುತ್ತದೆ ಅಂತ ನಮಗೆ ಬೇರೆ ಯಾರಾದರೂ ಹೇಳಿಕೊಡಬೇಕೆ? ಆದರೂ ಅವರು ಆ ಮಾತು ಆಡಿದರು. ಬಿ.ಎ. ಓದಿದ ನಾನು, ಅಂಬೇಡ್ಕರ್ ಫೋಟೋ ಇರುವ ಚೀಲ ಹಾಕಿಕೊಂಡ ನಾನು, ತಲೆ ಆಡಿಸಿದೆ. ಇವತ್ತು ಕೇಳಬೇಕಾದ್ದು ಅದನ್ನೇ. ನಾನು ಯಾಕೆ ತಲೆ ಆಡಿಸಿದೆ?

ಇದು ನಮ್ಮ ಬಸ್ಸಿನ ಮಾತು ಮಾತ್ರ ಅಲ್ಲ. ಅಮೆರಿಕದ ಪ್ಯೂ ಎಂಬ ಸಂಸ್ಥೆ 2023ರಲ್ಲಿ 24 ದೇಶಗಳ ಜನರನ್ನು ಕೇಳಿತ್ತು. ಪಾರ್ಲಿಮೆಂಟು, ಕೋರ್ಟು ಅಡ್ಡ ಬಾರದ ಹಾಗೆ ಒಬ್ಬ ಬಲಿಷ್ಠ ನಾಯಕ ತೀರ್ಮಾನ ತಗೊಂಡರೆ ಒಳ್ಳೆಯದೆ ಅಂತ. ನಮ್ಮ ದೇಶದಲ್ಲಿ ಸುಮಾರು ಮೂರರಲ್ಲಿ ಇಬ್ಬರು ಒಳ್ಳೆಯದೇ ಅಂದರು. ಹಾಗಾಗಿ ಆ ಹಿರಿಯರನ್ನು ಬೈದು ಪ್ರಯೋಜನವಿಲ್ಲ. ನಮ್ಮ ನೆಲದಲ್ಲಿ ಈ ಬಯಕೆ ಹೇಗೆ ಬೆಳೆದಿದೆ ಅಂತ ನೋಡಬೇಕು.

ಮೊದಲು ಹಂಪಿಗೆ ಹೋಗೋಣ.

ನಾವೆಲ್ಲ ಶಾಲೆಯಲ್ಲಿ ಉರು ಹೊಡೆದಿದ್ದೇವೆ. ಕೃಷ್ಣದೇವರಾಯ, ಆಳಿದ್ದು 1509ರಿಂದ 1529. ಮುತ್ತು ರತ್ನ ಬಳ್ಳದಲ್ಲಿ ಅಳೆದು ಮಾರಿದ ಕಾಲ. ಹಂಪಿ ಬಜಾರದಲ್ಲಿ ನಿಂತಾಗ ನನಗೂ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇನ್ನೊಂದು ವಿಷಯ ಬರೆದಿಟ್ಟಿದ್ದಾನೆ. ಅದನ್ನು ಶಾಲೆಯಲ್ಲಿ ನಮಗೆ ಹೇಳಲಿಲ್ಲ.

ರಾಯ ಎರಡು ಗುಡ್ಡಗಳ ನಡುವೆ ಒಂದು ದೊಡ್ಡ ಕೆರೆ ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮಣ್ಣು ಹೊರುತ್ತಿದ್ದದ್ದನ್ನು ಪಾಯೆಸ್ ಕಣ್ಣಾರೆ ಕಂಡ. ಕಟ್ಟೆ ಎರಡು ಮೂರು ಸಲ ಒಡೆಯಿತು. ರಾಯ ಬ್ರಾಹ್ಮಣರನ್ನು ಕೇಳಿದ. ದೇವರಿಗೆ ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಬೇಕು ಅಂದರು. ಗುಡಿಯ ಬಾಗಿಲಲ್ಲಿ ಅರವತ್ತು ಜನರ ತಲೆ ತೆಗೆಸಿದರು. ಸ್ವಲ್ಪ ಕಾಲದ ಮೇಲೆ ಬಂದ ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್, ಹಾಗೆ ಸತ್ತವರು ಮರಣದಂಡನೆಗೆ ಅರ್ಹರಾದ ಕೈದಿಗಳು ಅನ್ನುತ್ತಾನೆ. ಯಾವ ತಪ್ಪಿಗೆ ಯಾರು ಅರ್ಹರು, ಅದನ್ನು ತೀರ್ಮಾನಿಸಿದವರು ಯಾರು? ಕೇಳಲು ಜಾಗವಿರಲಿಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿರುವ ರಾಯರ ಕೆರೆಯೇ ಅದು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ನಾವು ದಿನಾ ಆ ದಾರಿಯಲ್ಲಿ ಓಡಾಡುತ್ತೇವೆ. ಅರವತ್ತು ಜನರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಮಣ್ಣು ಹೊತ್ತ ಇಪ್ಪತ್ತು ಸಾವಿರ ಜನರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ಕೆರೆಗೆ ಇರುವುದು ರಾಯರ ಹೆಸರು.

ಈಗ 2024ರ ಗೇಟಿಗೆ ಬನ್ನಿ. ಅದೇ ನೀರು, ಅದೇ ಊರು. ಗೇಟು ಹೋದಾಗ ಯಾರ ತಲೆಯನ್ನೂ ತೆಗೆಯಲಿಲ್ಲ. ಮುಖ್ಯಮಂತ್ರಿ ಬಂದರು, ವಿರೋಧ ಪಕ್ಷದವರು ಬಂದರು, ಒಬ್ಬರ ಮೇಲೊಬ್ಬರು ಹಾಕಿದರು. ರೈತರು ಬೈದರು. ಪತ್ರಿಕೆಯವರು ಕೇಳಿದರು. ನೋಡೋಕೆ ಬಹಳ ಅಸಹ್ಯ ಅನ್ನಿಸಿತು, ಗದ್ದಲ ಅನ್ನಿಸಿತು. ಆ ಗದ್ದಲದ ನಡುವೆಯೇ ಎಂಜಿನಿಯರುಗಳು, ಕೂಲಿ ಕಾರ್ಮಿಕರು ಹರಿಯುವ ನೀರಿನ ಮೇಲೆ ನಿಂತು ಒಂದು ವಾರದಲ್ಲಿ ಕಬ್ಬಿಣದ ತಡೆಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಬಸ್ಸಿನಲ್ಲಿ ನಮಗೆ ಕಂಡದ್ದು ಗದ್ದಲ ಮಾತ್ರ. ಆ ಗದ್ದಲ ಇರೋದರಿಂದಲೇ ಗುಡಿ ಬಾಗಿಲಲ್ಲಿ ನಮ್ಮ ತಲೆ ಉರುಳಲಿಲ್ಲ ಅನ್ನೋದು ಕಾಣಲಿಲ್ಲ.

ಈ ಅಣೆಕಟ್ಟನ್ನು ಹೊಗಳಿ ಹಾಡಲು ನಾನು ನಿಂತಿಲ್ಲ. 1953ರಲ್ಲಿ ನೀರು ನಿಂತಾಗ ಹಳ್ಳಿಹಳ್ಳಿಗಳೇ ಮುಳುಗಿದವು. ನೀರು ಬಂದ ಕಡೆ ಭೂಮಿ ಇದ್ದವರು ಭತ್ತ, ಕಬ್ಬು, ಬಾಳೆ ಬೆಳೆದು ಸಾಹುಕಾರರಾದರು. ಭೂಮಿ ಇಲ್ಲದವರಿಗೆ ಕೂಲಿ ಸಿಕ್ಕಿತು. ಪ್ರಜಾಪ್ರಭುತ್ವ ಬಂತು ಅಂದ ಮಾತ್ರಕ್ಕೆ ನ್ಯಾಯ ಬರಲಿಲ್ಲ. ಆದರೆ ನ್ಯಾಯ ಬರಲಿಲ್ಲ ಅಂತ ಕೂಗಿ ಮನೆಗೆ ಜೀವಂತ ಹೋಗುವ ಅವಕಾಶ ಬಂತು. ಅದು ಸಣ್ಣದಲ್ಲ.

ಇನ್ನು ಸಂಡೂರು. ಅಲ್ಲಿ ರಾಜ ಕೆಟ್ಟವನಲ್ಲ, ಒಳ್ಳೆಯವನು. ಆದ್ದರಿಂದ ಲೆಕ್ಕ ಇನ್ನೂ ಕಷ್ಟ.

ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1932ರಲ್ಲಿ ರಾಜ ಯಶವಂತರಾವ್ ಹಿಂದೂರಾವ್ ಘೋರ್ಪಡೆ ಅಲ್ಲಿನ ಕುಮಾರಸ್ವಾಮಿ ಗುಡಿಯ ಬಾಗಿಲನ್ನು ಅಸ್ಪೃಶ್ಯರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಬಂದದ್ದು 1936ರಲ್ಲಿ. ಅದಕ್ಕಿಂತ ನಾಲ್ಕು ವರ್ಷ ಮುಂಚೆ ನಮ್ಮ ಸಂಡೂರು. 1934ರಲ್ಲಿ ಗಾಂಧಿ ತಮ್ಮ ಹರಿಜನ ಯಾತ್ರೆಯಲ್ಲಿ ಅಲ್ಲಿಗೆ ಬಂದರು. ಇದು ಒಳ್ಳೆಯ ಕೆಲಸವೇ. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು.

ಆದರೆ ಅದಕ್ಕೂ ಐದು ವರ್ಷ ಮುಂಚೆ, 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚೌದಾರ ಕೆರೆಗೆ ನಡೆದು ಹೋಗಿ ನೀರು ಮುಟ್ಟಿದರು. ಯಾವ ರಾಜನ ಅಪ್ಪಣೆಯೂ ಇರಲಿಲ್ಲ. ಏಟು ತಿಂದರು, ಕೋರ್ಟಿಗೆ ಅಲೆದರು, ಹತ್ತು ವರ್ಷ ಹಿಡಿಯಿತು. ಸಂಡೂರಿನಲ್ಲಿ ಒಂದು ಅಪ್ಪಣೆಗೆ ಬಾಗಿಲು ತೆರೆಯಿತು. ಮಹಾಡದಲ್ಲಿ ಹತ್ತು ವರ್ಷ. ಬಸ್ಸಿನ ಹಿರಿಯರನ್ನು ಕೇಳಿದರೆ ಯಾವುದು ವಾಸಿ ಅಂತಾರೆ? ಸಂಡೂರೇ ವಾಸಿ ಅಂತಾರೆ. ನಮ್ಮಲ್ಲಿ ಬಹಳ ಜನ ಹಾಗೇ ಅನ್ನುತ್ತೇವೆ.

ನಾನು ಕೇಳೋದು ಇಷ್ಟೇ. ಬಾಗಿಲು ತೆರೆದ ಮೇಲೆ ಬೀಗದ ಕೈ ಯಾರ ಹತ್ತಿರ ಉಳಿಯಿತು? ಸಂಡೂರಿನಲ್ಲಿ ಅರಮನೆಯ ಹತ್ತಿರ. ಒಳಗೆ ಹೋದವರು ಕೈ ಮುಗಿದು ಹೋದರು, ದೇವರಿಗೊಂದು, ರಾಜನಿಗೊಂದು. ಮಹಾಡದಲ್ಲಿ ನೀರು ಮುಟ್ಟಿದವರು ಮತ್ತೆ ಯಾರಿಗೂ ಕೈ ಮುಗಿಯಬೇಕಾಗಿರಲಿಲ್ಲ. ಅದೂ ಅಲ್ಲದೆ, ದೇಶದ ಯಾವ ರಾಜನೂ ಗಾಳಿಯಲ್ಲಿ ಒಳ್ಳೆಯವನಾಗಲಿಲ್ಲ. 1927ರಲ್ಲಿ ಮಹಾಡ, 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಸತ್ಯಾಗ್ರಹ, 1932ರಲ್ಲಿ ಪುಣೆ ಒಪ್ಪಂದ. ನೆಲ ಅದುರುತ್ತಿತ್ತು. ಅದುರಿಸಿದವರು ನಮ್ಮ ಜನ. ಆದರೆ ಬಾಗಿಲು ತೆರೆದದ್ದು ಯಾರ ಲೆಕ್ಕಕ್ಕೆ ಹೋಯಿತು? ರಾಜನ ಲೆಕ್ಕಕ್ಕೆ.

ಗುಡಿ ತೆರೆಯಿತು, ಭೂಮಿ ತೆರೆಯಲಿಲ್ಲ. 1949ರ ಏಪ್ರಿಲ್ 1ರಂದು ಸಂಸ್ಥಾನ ಮದ್ರಾಸಿಗೆ ಸೇರಿತು, 1953ರಲ್ಲಿ ಬಳ್ಳಾರಿ ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. ರಾಜ್ಯ ಹೋದರೂ ಒಡೆತನ ಹೋಗಲಿಲ್ಲ. 1973ರಲ್ಲಿ ಸಂಡೂರಿನ ರೈತರು ಸಮಾಜವಾದಿಗಳ ಜೊತೆ ಸೇರಿ ಭೂಮಿಗಾಗಿ ಸತ್ಯಾಗ್ರಹಕ್ಕೆ ಇಳಿದರು, ಜೈಲಿಗೆ ಹೋದರು. ಆಗ ರಾಜ್ಯದ ಹಣಕಾಸು ಮಂತ್ರಿ ಅದೇ ಅರಮನೆಯ ಎಂ. ವೈ. ಘೋರ್ಪಡೆ. ಓದಿದವರು, ಮೃದು ಮಾತಿನವರು, ಕಾಡುಪ್ರಾಣಿಗಳ ಫೋಟೋ ತೆಗೆದು ಹೆಸರಾದವರು. ಜನ ಅವರನ್ನು ಹಲವು ಸಲ ಗೆಲ್ಲಿಸಿದರು. ಓಟು ಹಾಕುವಾಗಲೂ ಅನೇಕರು ಶಾಸಕರಿಗೆ ಹಾಕಲಿಲ್ಲ, ದೊರೆಗೆ ಹಾಕಿದರು. ಮುಂದೆ ಅವರೇ ಪಂಚಾಯತ್ ರಾಜ್ ಖಾತೆಯ ಮಂತ್ರಿಯೂ ಆದರು. 2008ರಿಂದ ಸಂಡೂರು ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಂದರೆ ಅರಮನೆಯವರು ಅಲ್ಲಿ ನಾಮಪತ್ರ ಹಾಕುವಂತಿಲ್ಲ. ಯಾರೂ ಕತ್ತಿ ಹಿಡಿಯಲಿಲ್ಲ, ಯಾರ ಮನೆಗೂ ಬೆಂಕಿ ಬೀಳಲಿಲ್ಲ. ಒಂದು ಕಾನೂನು, ಒಂದು ಪಟ್ಟಿ, ಅಷ್ಟೇ. ಇಷ್ಟು ದೊಡ್ಡ ಬದಲಾವಣೆ ಇಷ್ಟು ಸದ್ದಿಲ್ಲದೆ ಆಗೋದರಿಂದಲೇ ಪ್ರಜಾಪ್ರಭುತ್ವ ನಮ್ಮ ಕಣ್ಣಿಗೆ ಬೀಳೋದಿಲ್ಲ.

ಈಗ ನನ್ನ ಅಜ್ಜಿಯ ಕಥೆ ಹೇಳಬೇಕು.

ನಮ್ಮ ಮನೆಯ ಗೋಡೆ ಮೇಲೆ ಹುಲಿಗೆಮ್ಮನ ಪಟದ ಪಕ್ಕದಲ್ಲಿ ಇಂದಿರಾ ಗಾಂಧಿಯ ಪಟ ಇದೆ. ಎರಡಕ್ಕೂ ಅಜ್ಜಿ ಊದುಬತ್ತಿ ಹಚ್ಚುತ್ತಾಳೆ. ಕಾಲೇಜಿಗೆ ಹೋದ ಹೊಸತರಲ್ಲಿ ನಾನು ತುರ್ತುಪರಿಸ್ಥಿತಿಯ ಬಗ್ಗೆ ಓದಿಕೊಂಡು ಬಂದು ಜಗಳ ತೆಗೆದೆ. ಯಜ್ಜೀ, 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರ ತನಕ ಈಕೆ ದೇಶವನ್ನೇ ಜೈಲು ಮಾಡಿದ್ಲು ಅಂದೆ. ಪತ್ರಿಕೆಗಳ ಬಾಯಿ ಕಟ್ಟಿದರು, ಬೆಂಗಳೂರು ಜೈಲಲ್ಲಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನದಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು ಅಂದೆ. ಅಜ್ಜಿ ಎಲ್ಲಾ ಕೇಳಿಸಿಕೊಂಡಳು. ಕೊನೆಗೆ ಅಂದಳು: "ನಿಮ್ಮಜ್ಜ ಜೀತಕ್ಕಿದ್ದ. ಆಯಮ್ಮ ಬಂದು ಬಿಡಿಸಿದ್ಲು. ಈ ಜನತಾ ಮನೀ ಆಯಮ್ಮ ಕೊಟ್ಟಿದ್ದು. ನಿನ್ನ ಪೇಪರಿನೋರು ನಮಗೇನ್ ಕೊಟ್ರಲೇ?"

ನನ್ನ ಬಾಯಿ ಮುಚ್ಚಿತು. ಇದು ಸುಳ್ಳಲ್ಲ, ಗೆಳೆಯರೇ. ಜೀತ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯ್ದೆ ಆದದ್ದು 1976ರಲ್ಲಿ. ಕರ್ನಾಟಕದ ಋಣಪರಿಹಾರ ಕಾಯ್ದೆಯೂ 1976ರದ್ದೇ. 1977ರಲ್ಲಿ ಉತ್ತರ ಭಾರತ ಇಂದಿರಾ ಅವರನ್ನು ಕಿತ್ತೊಗೆದರೆ, ನಮ್ಮ ರಾಜ್ಯ 28ರಲ್ಲಿ 26 ಸ್ಥಾನ ಅವರ ಪಕ್ಷಕ್ಕೇ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರಿನಿಂದ ಗೆಲ್ಲಿಸಿ ಲೋಕಸಭೆಗೆ ಕಳಿಸಿತು. ಪಟ್ಟಣದ ಓದಿದವರು ಸರ್ವಾಧಿಕಾರಿ ಅಂದವಳನ್ನು ನಮ್ಮ ಕೇರಿ ಅಮ್ಮ ಅಂದಿತು. ನಮ್ಮ ಕೇರಿಗೆ ಪತ್ರಿಕೆ ಮೊದಲೂ ಬರ್ತಿರಲಿಲ್ಲ. ಪೊಲೀಸರು ಕಾರಣ ಹೇಳದೆ ಎಳಕೊಂಡು ಹೋಗೋದು ತುರ್ತುಪರಿಸ್ಥಿತಿಗೂ ಮುಂಚೆಯೇ ನಡೀತಿತ್ತು. ಕಳಕೊಳ್ಳೋಕೆ ಏನಿತ್ತು ಅಂತ ಅಜ್ಜಿ ಕೇಳಿದರೆ, ನಾವು ಮೊದಲು ತಲೆ ತಗ್ಗಿಸಬೇಕು, ಆಮೇಲೆ ಉತ್ತರ ಹುಡುಕಬೇಕು.

ಉತ್ತರ ನನಗೆ ಅಜ್ಜಿಯಿಂದಲೇ ಸಿಕ್ಕಿತು. ಆ ಮನೆ ಹೇಗೆ ಬಂತು ಅಂತ ಇನ್ನೊಂದು ದಿನ ಕೂತು ಕೇಳಿದೆ. ಅಜ್ಜ ಜೀತ ಬಿಟ್ಟ ಮೇಲೆ ಊರಲ್ಲಿ ಆರು ತಿಂಗಳು ಕೂಲಿಗೆ ಯಾರೂ ಕರೀಲಿಲ್ಲ. ಅಜ್ಜಿ ಸೊಪ್ಪು, ಸೌದೆ ಮಾರಿ ಸಂಸಾರ ತೂಗಿಸಿದಳು. ನಿವೇಶನದ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಎಷ್ಟು ಸಲ ನಡೆದಳೋ ಲೆಕ್ಕವಿಲ್ಲ. ಗುಮಾಸ್ತ ನಾಳೆ ಬಾ ಅಂದರೆ ನಾಳೆ ಹೋದಳು. ಕೇರಿಯ ಆರು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕಚೇರಿ ಬಾಗಿಲಲ್ಲಿ ಕೂತಳು. ಬುನಾದಿಗೆ ಕಲ್ಲು ಹೊತ್ತವಳು ಅವಳು, ಗೋಡೆಗೆ ಮಣ್ಣು ಮೆತ್ತಿದವಳು ಅವಳು. ಇಷ್ಟೆಲ್ಲ ಹೇಳಿ ಮತ್ತೆ ಗೋಡೆ ಕಡೆ ಕೈ ತೋರಿಸಿ ಅಂದಳು, "ಆಯಮ್ಮ ಕೊಟ್ಟಿದ್ದು."

ಗೆಳೆಯರೇ, ಅಜ್ಜಿ ಮೋಸ ಹೋದದ್ದು ಇಂದಿರಾ ಅವರ ವಿಷಯದಲ್ಲಿ ಅಲ್ಲ. ತನ್ನ ವಿಷಯದಲ್ಲಿ. ಕಾನೂನು ದೆಹಲಿಯಿಂದ ಬಂತು, ನಿಜ. ಅದನ್ನು ಕಚೇರಿಯ ಕಪಾಟಿನಿಂದ ಎಳೆದು ಕೇರಿಗೆ ತಂದದ್ದು ಆ ಆರು ಹೆಂಗಸರು. ಜೀತದ ಕಾನೂನು ಇಡೀ ದೇಶಕ್ಕೆ ಬಂತು, ಎಷ್ಟು ಕಡೆ ಜೀತ ಹೋಗಲೇ ಇಲ್ಲ. ಎಲ್ಲಿ ಜನ ಎದ್ದರೋ ಅಲ್ಲಿ ಹೋಯಿತು. ನಮ್ಮ ಜನ ತಾವು ಮಾಡಿದ್ದನ್ನು ದೊಡ್ಡವರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ರಾಯರ ಕೆರೆಯಲ್ಲಿ ಆದದ್ದೂ ಅದೇ, ಸಂಡೂರಿನ ಗುಡಿಯಲ್ಲಿ ಆದದ್ದೂ ಅದೇ, ನಮ್ಮ ಮನೆಯಲ್ಲಿ ಆದದ್ದೂ ಅದೇ. ಸರ್ವಾಧಿಕಾರಿ ಬೆಳೆಯೋದು ಪೊಲೀಸರ ಲಾಠಿಯಿಂದ ಮಾತ್ರ ಅಲ್ಲ. ನಾವು ನಮ್ಮ ದುಡಿಮೆಯನ್ನು ಅವನ ಖಾತೆಗೆ ಜಮಾ ಮಾಡೋದರಿಂದಲೂ ಬೆಳೀತಾನೆ.

ಇಲ್ಲಿಯ ತನಕ ಹಳೆಯ ಕಾಲ. ಇನ್ನು ನಾವೇ ಕಣ್ಣಾರೆ ಕಂಡ ಕಾಲ.

ಚೀನಾ ದೇಶ ಕಬ್ಬಿಣದ ಅದಿರು ಕೊಳ್ಳಲು ನಿಂತ ಮೇಲೆ, ಸಂಡೂರು ಹೊಸಪೇಟೆಯ ಗುಡ್ಡಗಳಿಗೆ ಲಾರಿ ಹತ್ತಿದವು. ನಾವಾಗ ಮಕ್ಕಳು. ಮರದ ಎಲೆ ಕೆಂಪು, ಶಾಲೆಯ ಗೋಡೆ ಕೆಂಪು, ಒಗೆದ ಅಂಗಿ ಕೆಂಪು. ನಮ್ಮ ಕೇರಿಯ ಹೆಂಗಸರು, ಮಕ್ಕಳು ಅದಿರು ಆರಿಸಲು, ಒಡೆಯಲು ಹೋದರು. ಗಣಿಧಣಿ ಅನ್ನೋ ಹೊಸ ಶಬ್ದ ಪತ್ರಿಕೆಗಳಿಗೆ ಬಂತು. ಹೆಲಿಕಾಪ್ಟರು ಬಂತು, ಸಾಮೂಹಿಕ ಮದುವೆಗಳು ಬಂದವು. 2009ರಲ್ಲಿ ಗಾಲಿ ಜನಾರ್ದನ ರೆಡ್ಡಿಯವರು ತಿರುಪತಿಯ ದೇವರಿಗೆ ಕೋಟಿಗಟ್ಟಲೆ ಬೆಲೆಯ ವಜ್ರದ ಕಿರೀಟ ಕೊಟ್ಟರು. 2010ರಲ್ಲಿ ವಿರೋಧ ಪಕ್ಷದವರು ಬೆಂಗಳೂರಿನಿಂದ ಬಳ್ಳಾರಿಗೆ ನಡೆದುಕೊಂಡು ಬಂದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಸೆಪ್ಟೆಂಬರ್ 5ರಂದು ರೆಡ್ಡಿಯವರ ಬಂಧನವಾಯಿತು. ಓಬಳಾಪುರಂ ಗಣಿ ಪ್ರಕರಣದಲ್ಲಿ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಅವರಿಗೆ 7 ವರ್ಷ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳು ತೆಲಂಗಾಣ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು.

ಇಷ್ಟಾದರೂ ನಮ್ಮೂರ ಚಹಾದಂಗಡಿಯಲ್ಲಿ ನಾನು ಕೇಳಿದ ಮಾತು ಏನು ಗೊತ್ತೇ? "ಅವರು ತಿಂದ್ರು, ನಾಲ್ಕು ಜನಕ್ಕ ತಿನ್ನಿಸಿದ್ರು. ಉಳಿದೋರು ತಿಂದ್ರು, ಕೈ ತೊಳಕಂಡ್ರು." ಕೇಳಿದರೆ ನಗು ಬರುತ್ತದೆ. ಆದರೆ ಅದರ ಹಿಂದೆ ಒಂದು ಲೆಕ್ಕಾಚಾರ ಇದೆ. ಬಡವನಿಗೆ ಕಚೇರಿ ಅಂದರೆ ನಾಳೆ ಬಾ. ವಿಧವಾ ವೇತನಕ್ಕೆ ನಾಳೆ ಬಾ, ಜಾತಿ ಪ್ರಮಾಣಪತ್ರಕ್ಕೆ ನಾಳೆ ಬಾ, ಆಸ್ಪತ್ರೆಯಲ್ಲಿ ನಾಳೆ ಬಾ. ಧಣಿಯ ಮನೆಗೆ ಹೋದರೆ, ಅವನು ಜನರೆದುರೇ ಫೋನು ಹಚ್ಚಿ, ಸ್ಪೀಕರ್ ಆನ್ ಮಾಡಿ, ಅಧಿಕಾರಿಗೆ ಏಕವಚನದಲ್ಲಿ ಬೈತಾನೆ. ಸಂಜೆಯೊಳಗೆ ಕೆಲಸ ಆಗುತ್ತೆ. ಹೊರಗೆ ನಿಂತವರು ಹುಲಿ ಅಂತಾರೆ. ಈಗ ಅದನ್ನು ವಿಡಿಯೋ ಮಾಡಿ, ಹಿಂದೆ ಸಿನಿಮಾ ಸಂಗೀತ ಹಾಕಿ ನಮ್ಮ ಮೊಬೈಲಿಗೇ ಕಳಿಸುತ್ತಾರೆ. ಇನ್ನೊಬ್ಬ ನಾಯಕ ಇರುತ್ತಾನೆ. ಅವನು ನಿಯಮ ಏನಿದೆ ನೋಡೋಣ ಅಂತಾನೆ, ಸಭೆ ಕರೀತಾನೆ, ಎರಡೂ ಕಡೆ ಕೇಳ್ತಾನೆ. ಅವನನ್ನು ನಮ್ಮ ಜನ ಮೆತ್ತಗಿನ ಮನುಷ್ಯ, ಧಮ್ ಇಲ್ಲ ಅಂತಾರೆ.

ಆದರೆ ಯೋಚನೆ ಮಾಡಿ. ಫೋನಿಲ್ಲದೆ ನಿಮ್ಮ ವೇತನ ತಾನಾಗೇ ಬಂದುಬಿಟ್ಟರೆ ಧಣಿಯ ಮನೆ ಮುಂದೆ ಯಾರು ನಿಲ್ಲುತ್ತಾರೆ? ಕಚೇರಿ ಕೆಟ್ಟಷ್ಟೂ ಧಣಿ ದೊಡ್ಡವನಾಗುತ್ತಾನೆ. ಅದಕ್ಕೇ ಯಾವ ಧಣಿಯೂ ಕಚೇರಿಯನ್ನು ಸರಿ ಮಾಡುವುದಿಲ್ಲ. ಅವನು ನಿಮ್ಮ ಒಂದು ಕೆಲಸ ಮಾಡಿಕೊಡುತ್ತಾನೆ, ಎಲ್ಲರ ಕೆಲಸ ತಾನಾಗಿ ಆಗುವ ದಾರಿ ಮುಚ್ಚುತ್ತಾನೆ. ಅಧಿಕಾರಿಗೆ ಇವತ್ತು ನಿಮ್ಮ ಪರವಾಗಿ ಏಕವಚನದಲ್ಲಿ ಬೈದವನು ನಾಳೆ ನಿಮಗೂ ಅದೇ ಏಕವಚನ ಇಟ್ಟುಕೊಂಡಿರುತ್ತಾನೆ.

ಹಾಗಾದರೆ ನಮ್ಮ ಕಣ್ಣ ಮುಂದೆ ಬೇರೆ ಮಾದರಿ ಇಲ್ಲವೇ? ಇದೆ. ನಾವು ಹಾರ ಹಾಕಿ ಮರೆತಿರುವ ಮಾದರಿ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಕೆ ಕೊಟ್ಟರು. ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಕಾಲ ಬುಡದಲ್ಲಿ ನಿಮ್ಮ ಸ್ವಾತಂತ್ರ್ಯ ಇಡಬೇಡಿ, ಧರ್ಮದಲ್ಲಿ ಭಕ್ತಿಯಿಂದ ಮುಕ್ತಿ ಸಿಗಬಹುದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂಬ ಅರ್ಥದ ಮಾತು. ಮಾತಷ್ಟೇ ಆಗಿದ್ದರೆ ಬಿಡಬಹುದಿತ್ತು. 1951ರಲ್ಲಿ ಹಿಂದೂ ಕೋಡ್ ಬಿಲ್ಲನ್ನು ಬದಿಗೆ ಸರಿಸಿದಾಗ ಅವರು ಮಂತ್ರಿ ಕುರ್ಚಿಯಿಂದ ಎದ್ದು ನಡೆದರು. 1952ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಸೋತರು, 1954ರಲ್ಲಿ ಭಂಡಾರದ ಉಪಚುನಾವಣೆಯಲ್ಲಿ ಮತ್ತೆ ಸೋತರು. ಸಂವಿಧಾನದ ಕರಡು ಮಾಡಿದವರು ಅದೇ ಸಂವಿಧಾನದ ಚುನಾವಣೆಯಲ್ಲಿ ಸೋತರು. ಆಗ ಅವರೇನು ಓಟೇ ಬೇಡ, ಹತ್ತು ವರ್ಷ ಎಲೆಕ್ಷನ್ ಬಂದ್ ಮಾಡಿ ಅಂದರೆ? ಇಲ್ಲ. ಗಟ್ಟಿತನ ಅಂದರೆ ಅದು. ಸೋಲೋಕೆ ಎದೆ ಬೇಕು. ಕುರ್ಚಿ ಬಿಡೋಕೆ ಎದೆ ಬೇಕು. ಅವರ ಪ್ರತಿಮೆಗೆ ಹಾಲು ಹೊಯ್ಯುವ ನಾವು, ಅವರು ಬೇಡ ಅಂದ ಭಕ್ತಿಯನ್ನೇ ಅವರಿಗೆ ಮಾಡ್ತಿದ್ದೇವೆ.

ಇಲ್ಲಿ ಒಂದು ಎಚ್ಚರ. ಪ್ರಜಾಪ್ರಭುತ್ವ ಅಂದರೆ ಹೆಚ್ಚು ಜನ ಹೇಳಿದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಊರಿನ ಲೆಕ್ಕದಲ್ಲಿ ನಮ್ಮ ಕೇರಿ ಯಾವಾಗಲೂ ಕಮ್ಮಿ ಜನ. ನಮಗೆ ಬಹಿಷ್ಕಾರ ಹಾಕಿದ ಪಂಚಾಯಿತಿ ಕಟ್ಟೆಗಳಲ್ಲೆಲ್ಲ ಕೈ ಎತ್ತಿದವರು ಹೆಚ್ಚು ಜನವೇ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದದ್ದಕ್ಕೆ ರಾಜ್ಯದ ಬೀದಿಗಳಲ್ಲಿ ಕೂಗಿದವರೂ ಹೆಚ್ಚು ಜನವೇ. ಹಾಸ್ಟೆಲ್ ಹುಡುಗರು ಏಟು ತಿಂದರು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆ ಬೆಂಕಿಯಲ್ಲೇ ನಮ್ಮ ಚಳುವಳಿ ಹುಟ್ಟಿತು. ಹೆಚ್ಚು ಜನ ಒಬ್ಬ ಧಣಿಯ ಹಿಂದೆ ನಿಂತರೆ ಅದು ಹಳೆಯ ಊರಿನ ಕಟ್ಟೆಯೇ, ಮೈಕು ಬಂದಿದೆ ಅಷ್ಟೇ. ಕಮ್ಮಿ ಜನ ಇರುವವನೂ ಎದ್ದು ನಿಂತು ಇಲ್ಲ ಅನ್ನಬಹುದು, ಅಂದ ಮೇಲೂ ಅವನ ಮನೆಯ ನೀರು, ಕೂಲಿ, ಪ್ರಾಣ ಉಳಿಯಬೇಕು. ಆಗ ಅದು ಪ್ರಜಾಪ್ರಭುತ್ವ.

ಕೊನೆಗೆ ನಮ್ಮ ಹಾಸ್ಟೆಲ್ಲಿಗೆ ಬರ್ತೀನಿ. ಇಲ್ಲಿ ಮುಚ್ಚಿಡದೆ ಮಾತಾಡೋಣ.

ನಾನಿದ್ದ ಹಾಸ್ಟೆಲಿನಲ್ಲಿ, ಯಾವುದು ಅಂತ ಬೇಡ, ಅನ್ನದಲ್ಲಿ ಹುಳ ಬರ್ತಿತ್ತು, ಸಾರಿನಲ್ಲಿ ಬೇಳೆ ಇರ್ತಿರಲಿಲ್ಲ. ಒಬ್ಬ ಸೀನಿಯರ್ ಇದ್ದ, ಎಲ್ಲರೂ ಅಣ್ಣ ಅಂತಿದ್ವಿ. ಒಂದು ರಾತ್ರಿ ಅಣ್ಣ ಹೋಗಿ ರೇಷನ್ ತರುವವನ ಕಪಾಳಕ್ಕೆ ಹೊಡೆದ. ಮರುದಿನದಿಂದ ಬೇಳೆ ಬಂತು, ವಾರಕ್ಕೆ ಎರಡು ಸಲ ಮೊಟ್ಟೆ ಬಂತು. ನಾವು ಅಣ್ಣನನ್ನು ಹೆಗಲ ಮೇಲೆ ಹೊತ್ತು ಕುಣಿದ್ವಿ. ಚಪ್ಪಾಳೆ ಹೊಡೆದವರಲ್ಲಿ ನಾನು ಮೊದಲಿಗ. ಮೂರು ತಿಂಗಳಾಯಿತು. ಅಣ್ಣನಿಗೆ ಬೇರೆ ತಟ್ಟೆ, ಬೇರೆ ರೂಮು. ಜ್ಯೂನಿಯರ್ ಹುಡುಗರು ಅವನ ಬಟ್ಟೆ ಒಗೆಯಬೇಕು. ರೇಷನ್ ತರುವವನು ಈಗ ಅಣ್ಣನ ಗೆಳೆಯ. ಸಾರು ಮತ್ತೆ ನೀರಾಯಿತು. ಒಬ್ಬ ಹುಡುಗ ಕೇಳಿದ್ದಕ್ಕೆ ಅವನ ಕಪಾಳಕ್ಕೂ ಬಿತ್ತು. ಅದೇ ಕೈ, ಅದೇ ಏಟು. ಆವತ್ತು ಚಪ್ಪಾಳೆ ಹೊಡೆದ ನಾವು ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ ಸರಿಯಾದದ್ದು ಹೇಗೆ? ಏಟು ತಿಂದ ಆ ಪಿಯುಸಿ ಹುಡುಗ ಒಂದು ನೋಟ್‌ಬುಕ್ ಮಾಡಿದ. ದಿನಾ ಎಷ್ಟು ಕೆಜಿ ಅಕ್ಕಿ ಬಂತು, ಎಷ್ಟು ಬೇಳೆ ಬಂತು, ಎಷ್ಟು ಜನ ಉಂಡರು ಅಂತ ಬರೆದ. ತೂಕ ಮಾಡುವಾಗ ಇಬ್ಬರು ಮೂವರು ಜೊತೆಗೆ ನಿಂತರು. ಆಮೇಲೆ ಹತ್ತು ಜನ ನಿಂತರು. ಆ ನೋಟ್‌ಬುಕ್ಕಿನ ನಕಲು ತಗೊಂಡು ಜಿಲ್ಲಾ ಕಚೇರಿಗೆ ಹೋದೆವು, ನಾಳೆ ಬಾ ಅಂದರು, ನಾಳೆ ಹೋದೆವು. ನನ್ನ ಅಜ್ಜಿ ನಡೆದ ಹಾಗೇ ನಡೆದೆವು. ಏಳೆಂಟು ತಿಂಗಳು ಹಿಡಿಯಿತು. ಯಾರನ್ನೂ ಹೆಗಲ ಮೇಲೆ ಹೊರಲಿಲ್ಲ, ಯಾರಿಗೂ ಜೈಕಾರ ಇಲ್ಲ. ಆದರೆ ನಾನು ಹಾಸ್ಟೆಲ್ ಬಿಡುವ ತನಕ ಬೇಳೆ ನೀರಾಗಲಿಲ್ಲ. ಆ ಹುಡುಗನನ್ನು ಯಾರೂ ನಾಯಕ ಅಂತ ಕರೆಯಲಿಲ್ಲ. ಅವನೂ ತನ್ನನ್ನು ಹಾಗೆ ತಿಳಕೊಂಡಿರಲಿಲ್ಲ.

ನಮ್ಮ ಸಂಘಟನೆಗಳೂ ಇದೇ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲಿ. ಎಷ್ಟು ಬಣ, ಎಷ್ಟು ರಾಜ್ಯಾಧ್ಯಕ್ಷರು? ವೇದಿಕೆ ಮೇಲೆ ಕೂತವರು ಕೆಳಗೆ ಕೂತವರ ಪ್ರಶ್ನೆ ಕೊನೆಯ ಸಲ ಕೇಳಿದ್ದು ಯಾವಾಗ? ಹೆಣ್ಣುಮಕ್ಕಳು ಸ್ವಾಗತ ಗೀತೆ ಹಾಡುವುದು ಬಿಟ್ಟು ಮೈಕು ಹಿಡಿದದ್ದು ಎಷ್ಟು ಸಲ? ಮನುವಾದವನ್ನು ಬೈಯುವ ಬಾಯಿ ತನ್ನ ಪಕ್ಕದ ಗೆಳೆಯನ ಮಾತನ್ನು ತಡೆದರೆ, ನಾವೂ ಒಂದು ಸಣ್ಣ ಸಂಸ್ಥಾನ ಕಟ್ಟಿಕೊಂಡಿದ್ದೇವೆ ಅಂತ ಅರ್ಥ.

ಆದ್ದರಿಂದ ಗೆಳೆಯರೇ, ನಾಳೆ ಯಾರಾದರೂ ನಾಯಕ ಅಂತ ನಿಮ್ಮ ಮುಂದೆ ಬಂದರೆ ಮೂರು ವಿಷಯ ನೋಡಿ. ಅವನ ಮುಂದೆ ನೀವು ಕೂತೇ ಮಾತಾಡಬಹುದೇ? ಇಲ್ಲ ಅಂದು ಕ್ಷೇಮವಾಗಿ ಮನೆಗೆ ಹೋಗಬಹುದೇ? ಅವನು ಕೊಟ್ಟೆ ಅನ್ನುವುದು ಅವನಿಲ್ಲದಿದ್ದರೂ ನಿಮಗೆ ಸಿಗುತ್ತದೆಯೇ? ಮೂರಕ್ಕೂ ಹೌದಾದರೆ ಅವನು ಪ್ರತಿನಿಧಿ. ಒಂದಕ್ಕೆ ಇಲ್ಲ ಅಂತ ಬಂದರೂ ಧಣಿ. ನಮ್ಮ ಜಾತಿಯವನಾದರೂ ಧಣಿಯೇ, ನೀಲಿ ಶಾಲು ಹಾಕಿದ್ದರೂ ಧಣಿಯೇ.

ಬಸ್ಸಿನ ಆ ಹಿರಿಯರು ಹೊಸಪೇಟೆಯಲ್ಲಿ ಇಳಿದು ಹೋದರು. ನಾನು ಅವರಿಗೆ ಏನೂ ಹೇಳಲಿಲ್ಲ. ಈಗ ಸಿಕ್ಕರೆ ಸಿದ್ಧಾಂತ ಹೇಳುವುದಿಲ್ಲ. ಯಪ್ಪಾ, ನೀರಿನ ಮೇಲೆ ನಿಂತು ಆ ಹಲಗೆ ಇಳಿಸಿದೋರು ನಿನ್ನಂಥೋರೇ, ಗಟ್ಟಿ ಗಂಡಸು ಅಂದ್ರ ನೀನೇ ಅಂತೀನಿ. ಆಮೇಲೆ ಮನೆಗೆ ಹೋಗಿ ಅಜ್ಜಿಯ ಜೊತೆ ಕೂರಬೇಕು. ಇಂದಿರಮ್ಮನ ಪಟ ಗೋಡೆಯಿಂದ ತೆಗೆಯೋದು ಬೇಡ, ಅದು ಅವಳ ಋಣ. ಅದರ ಪಕ್ಕದಲ್ಲಿ ಕಚೇರಿ ಬಾಗಿಲಲ್ಲಿ ಕೂತ ಆ ಆರು ಹೆಂಗಸರ ಹೆಸರು ಬರೆಸಬೇಕು. ಅಜ್ಜಿಗೆ ಆರೂ ಹೆಸರು ನೆನಪಿದೆ. ನಾನೇ ಇಷ್ಟು ದಿನ ಕೇಳಿರಲಿಲ್ಲ.

ನಿಮ್ಮ ಮನೆಗಳಲ್ಲೂ ಕೇಳಿ. ಬರೆದಿಡಿ.

ಜೈ ಭೀಮ್.